ಅಳತೆ ಸರಿ, ಫೋಟೋ ದೊಡ್ಡದು

ನಮ್ಮ ದೊಡ್ಡಪ್ಪನಿಗೆ ಮರದ ಮೇಲೆ ನಂಬಿಕೆಯಿಲ್ಲ. ಕಬ್ಬಿಣ ಹೇಳಿದ ಮಾತು ಕೇಳುತ್ತದೆ, ಮರ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ, ಅದಕ್ಕೆ ನಿಯತ್ತಿಲ್ಲ ಎನ್ನುತ್ತಾರೆ. ದೊಡ್ಡಪ್ಪ ರಾಮಪ್ರಸಾದ ಅವರು ಇಡೀ ನೌಕರಿಯನ್ನು ಒಂದು ಸರ್ಕಾರಿ ಯಂತ್ರ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವರು. ಬೇರೆಯವರು ಮಾಡಿದ್ದನ್ನು ಅಳೆಯುವುದು, ಅಳೆದು ಸರಿಯಿಲ್ಲ ಎನ್ನುವುದು, ಇದಕ್ಕೆ ಅವರಿಗೆ ಸಂಬಳ ಬರುತ್ತಿತ್ತು. ಸಂಬಳ ನಿಂತರೂ ಕೆಲಸ ನಿಲ್ಲಲಿಲ್ಲ. ದೋಸೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ದೊಡ್ಡಮ್ಮನಿಗೆ ಪ್ರತಿ ಬೆಳಿಗ್ಗೆ ತಿಳಿಯುತ್ತದೆ. ಇಂಥ ಮನುಷ್ಯ ಎಪ್ಪತ್ತರ ವಯಸ್ಸಿನಲ್ಲಿ, ತಾನು ನಂಬದ ಮರದಿಂದ, ಒಂದು ಫೋಟೋ ಫ್ರೇಮ್ ಮಾಡುತ್ತೇನೆಂದು ಹೊರಟದ್ದಕ್ಕೆ ಬೀಗರು ಕಾರಣ.

ಬೀಗರು ಎಂದರೆ ದೊಡ್ಡಪ್ಪನ ಮಗಳು ಶ್ರೀರಂಜನಿ ಅಕ್ಕನ ಮಾವ, ಪದ್ಮನಾಭ ರಾಯರು. ಪೀಣ್ಯದಲ್ಲಿ ಸಣ್ಣದೊಂದು ಫ್ಯಾಕ್ಟರಿ ಇಟ್ಟಿದ್ದಾರೆ. ಹಿಂದೆ ಯಾವುದೋ ಕಾಲದಲ್ಲಿ ಅವರು ದೊಡ್ಡಪ್ಪನ ಕಾರ್ಖಾನೆಗೆ ಬ್ರಾಕೆಟ್ ಮಾಡಿ ಕೊಡುತ್ತಿದ್ದರಂತೆ. ದೊಡ್ಡಪ್ಪ ಅಳತೆ ಸರಿಯಿಲ್ಲವೆಂದು ಒಂದು ಲಾರಿ ಲೋಡ್ ಬ್ರಾಕೆಟ್ಟಿಗೆ ಕೆಂಪು ಬಣ್ಣ ಬಳಿಸಿ ವಾಪಸ್ ಕಳಿಸಿದ್ದರಂತೆ. ಆಮೇಲೆ ಇಬ್ಬರ ಮಕ್ಕಳೂ ಒಂದೇ ಕಾಲೇಜಿಗೆ ಹೋಗಿ ಎಲ್ಲವನ್ನೂ ಕಲಸಿಬಿಟ್ಟರು. ಮದುವೆಯಾಯಿತು, ಸೀಮಂತವಾಯಿತು, ನಾಮಕರಣವಾಯಿತು. ರಾಯರ ಮನಸ್ಸಿನಿಂದ ಮಾತ್ರ ಆ ಕೆಂಪು ಬಣ್ಣ ಹೋಗಲಿಲ್ಲ.

ಎಪ್ಪತ್ತು ತುಂಬಿದ್ದಕ್ಕೆ ದೊಡ್ಡಪ್ಪನ ಭೀಮರಥ ಶಾಂತಿ ಟಿ. ದಾಸರಹಳ್ಳಿಯ ಛತ್ರವೊಂದರಲ್ಲಿ ನಡೆಯಿತು. ಅಂದು ಎಲ್ಲರೂ ಒಟ್ಟಿಗೆ ನಿಂತು ತೆಗೆಸಿದ ಫೋಟೋವನ್ನು ರಾಯರೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ, ಉದ್ದನೆಯ ರಟ್ಟಿನ ಕೊಳವೆಯಲ್ಲಿಟ್ಟು ತಂದುಕೊಟ್ಟರು. ಬಿಚ್ಚಿ ನೋಡಿದರೆ ಎಡಗಡೆಯ ಕೆಳಮೂಲೆಯಲ್ಲಿ ಚಿನ್ನದ ಬಣ್ಣದ ಅಕ್ಷರಗಳು: 'ಪ್ರೀತಿಯ ಕಾಣಿಕೆ, ಪದ್ಮನಾಭ ರಾವ್ ಮತ್ತು ಕುಟುಂಬ'.

"ಫ್ರೇಮ್ ಹಾಕ್ಸೇ ತರೋಣ ಅಂತಿದ್ದೆ ಬೀಗರೇ," ಎಂದರು ರಾಯರು ಕಾಫಿ ಕುಡಿಯುತ್ತಾ. "ಆಮೇಲೆ ಅನ್ನಿಸ್ತು, ನಾನು ಮಾಡ್ಸಿದ್ದನ್ನ ನೀವು ಪಾಸ್ ಮಾಡ್ಬೇಕಲ್ಲ. ಯಾಕೆ ಬೇಕು ಅಂತ ಸುಮ್ನಾದೆ."

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಫ್ರೇಮ್ ನಾನೇ ಮಾಡ್ತೀನಿ."

"ನೀವಾ?" ರಾಯರ ಮುಖ ಅರಳಿತು. "ಮಾಡಿ ಮಾಡಿ. ನಾನು ಬಂದು ಇನ್‌ಸ್ಪೆಕ್ಷನ್ ಮಾಡ್ತೀನಿ."

ಆ ಫೋಟೋದಲ್ಲಿ ನಾನೂ ಇದ್ದೆ. ನಮ್ಮ ಹಾಲ್‌ನ ಗೋಡೆಯ ತುಂಬ ಫೋಟೋಗಳಿವೆ. ದೊಡ್ಡಪ್ಪನ ಸೆಕ್ಷನ್ನಿನವರು ಮೂರು ಸಾಲಾಗಿ ನಿಂತಿದ್ದಾರೆ. ದೊಡ್ಡಪ್ಪನ ಮಗ ಅನುರಾಗಣ್ಣ ಕಪ್ಪು ಗೌನು ಹಾಕಿಕೊಂಡು ಟೋಪಿ ಸರಿಮಾಡಿಕೊಳ್ಳುತ್ತಿದ್ದಾನೆ. ಶ್ರೀರಂಜನಿ ಅಕ್ಕನ ಮದುವೆಯಿದೆ, ಅವಳ ಮಗುವಿನ ಪಾದದ ಅಚ್ಚಿಗೂ ಒಂದು ಗಾಜಿದೆ. ನಾನು ಯಾವುದರಲ್ಲೂ ಇಲ್ಲ. ಯಾರೂ ನನ್ನನ್ನು ಬೇಡ ಎಂದವರಲ್ಲ. ಫೋಟೋ ತೆಗೆಯುವ ಹೊತ್ತಿಗೆ ಒಳಗೆ ಹಾಲು ಉಕ್ಕುತ್ತಿರುತ್ತದೆ, ಅಷ್ಟೆ. ಶಾಂತಿಯ ದಿನ ಮಾತ್ರ ನಾನು ಆರತಿ ತಟ್ಟೆ ಹಿಡಿದು ಬಲಗಡೆಯ ಅಂಚಿನಲ್ಲಿ ಹಾದುಹೋಗುತ್ತಿದ್ದೆ. ಫೋಟೋದವನು, "ಮೇಡಂ, ಹಾಗೇ ನಿಂತ್ಕೊಳ್ಳಿ, ಈ ಕಡೆ ಖಾಲಿ ಹೊಡೀತಿದೆ" ಎಂದ. ನನ್ನನ್ನು ಯಾರಾದರೂ ಮೇಡಂ ಎಂದದ್ದು ಅದೇ ಮೊದಲು. ನಿಂತುಕೊಂಡೆ.

ಹಾಗಾಗಿ ಈ ಫೋಟೋ ಗೋಡೆಗೆ ಹೋದರೆ ನಾನೂ ಹೋಗುತ್ತೇನೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಇದನ್ನು ಯಾರಿಗೂ ಹೇಳಲಿಲ್ಲ. ಕೇಳಿದವರೂ ಇಲ್ಲ.

ಮರಕ್ಕೆ ದೊಡ್ಡಪ್ಪ ಎಲ್ಲೂ ಹೋಗಬೇಕಾಗಲಿಲ್ಲ. ಅಜ್ಜಿಯ ತೇಗದ ಮಂಚ ಬಿಚ್ಚಿಟ್ಟದ್ದು ಮಹಡಿಯ ಮೆಟ್ಟಿಲ ಕೆಳಗೆ ಬಿದ್ದಿತ್ತು. ಆ ಮಂಚ ನನಗೆ ಚೆನ್ನಾಗಿ ಗೊತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮ ನನ್ನನ್ನು ಇಲ್ಲಿಗೆ ಕರೆತಂದರು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಎರಡು ತಿಂಗಳು ನೋಡಿಕೋ, ಆಮೇಲೆ ಶಾಲೆಗೆ ಹಾಕುತ್ತೇವೆ ಎಂದರು. ಅಜ್ಜಿಗೆ ಈ ಕರಾರು ತಿಳಿದಿರಲಿಲ್ಲವೋ ಏನೋ, ಅವಳು ಅದೇ ಮಂಚದ ಮೇಲೆ ಏಳು ವರ್ಷ ಬದುಕಿದಳು. ಅವಳು ಹೋದ ಮೇಲೆ ಶಾಲೆಯ ಮಾತು ಎತ್ತಲು ಎಲ್ಲರಿಗೂ ನಾಚಿಕೆಯಾಯಿತು, ನಾನು ಅಷ್ಟು ಬೆಳೆದುಬಿಟ್ಟಿದ್ದೆ.

"ವಾರಿಜಾ, ಆ ಪಟ್ಟಿ ಹೊರಗೆ ತಗೊಂಡ್ ಬಾ," ಎಂದರು ದೊಡ್ಡಪ್ಪ. ಕೆಲಸ ಶುರುವಾಯಿತು.

ರಾಜಗೋಪಾಲನಗರದ ನಮ್ಮ ಮನೆಯ ಮುಂದೆ ಕಾರಿಗೆಂದು ಕಟ್ಟಿಸಿದ ಶೆಡ್ಡಿದೆ. ಕಾರು ಬರಲೇ ಇಲ್ಲ. ಅಲ್ಲಿ ದೊಡ್ಡಪ್ಪನ ವರ್ಕ್‌ಶಾಪ್ ಇದೆ. ಒಂದು ಮೇಜು, ಅದಕ್ಕೆ ಕಚ್ಚಿಸಿದ, ಮರ ಬಿಗಿಹಿಡಿಯುವ ವೈಸು, ಗೋಡೆಯ ಮೇಲೆ ಗರಗಸ, ಉಜ್ಜುಗೊರಡು, ಮೂಲೆಮಟ್ಟ. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಪೆನ್ಸಿಲಿನಲ್ಲಿ ಗೀಚಿದ್ದಾರೆ, ಯಾವುದು ಕಾಣೆಯಾದರೂ ಅದರ ಭೂತ ಗೋಡೆಯ ಮೇಲೆ ಉಳಿಯಲಿ ಎಂದು. ಇವೆಲ್ಲ ಹೊಸದಾಗಿ ಹೊಳೆಯುತ್ತಿದ್ದವು. ಅಳೆಯುವ ಸಾಮಾನುಗಳು ಮಾತ್ರ ಸವೆದಿದ್ದವು.

ಮೊದಲು ಡ್ರಾಯಿಂಗ್ ಆಯಿತು. ಗ್ರಾಫ್ ಕಾಗದದ ಮೇಲೆ, ಗಟ್ಟಿ ಪೆನ್ಸಿಲಿನಲ್ಲಿ. ಕೊಳವೆಯಿಂದ ಫೋಟೋವನ್ನು ಒಮ್ಮೆ ತೆಗೆದು, ನನ್ನ ಕೈಲಿ ಎರಡು ತುದಿ ಹಿಡಿಸಿ, ಉಕ್ಕಿನ ಅಳತೆಪಟ್ಟಿಯಿಂದ ಉದ್ದಗಲ ಅಳೆದು ಬರೆದುಕೊಂಡರು. ಧೂಳು ಕೂರುತ್ತದೆಂದು ತಕ್ಷಣ ಸುತ್ತಿ ಒಳಗಿಟ್ಟರು. ಕಾಗದದ ಮೂಲೆಯಲ್ಲಿ ಮೂರು ಚೌಕ ಹಾಕಿ, ಒಂದರಲ್ಲಿ ಬರೆದವರು, ಒಂದರಲ್ಲಿ ಪರಿಶೀಲಿಸಿದವರು, ಒಂದರಲ್ಲಿ ಅನುಮೋದಿಸಿದವರು ಎಂದು ಬರೆದು ಮೂರಕ್ಕೂ ತಾವೇ ಸಹಿ ಮಾಡಿದರು. ಮೂರನೆಯ ಸಹಿ ಹಾಕುವ ಮುಂಚೆ ಸ್ವಲ್ಪ ಯೋಚಿಸಿದರು ಕೂಡ.

ನಾಲ್ಕು ಪಟ್ಟಿಗಳು ಮೂಲೆಯಲ್ಲಿ ಕೂಡಬೇಕಾದರೆ ಪ್ರತಿ ತುದಿಯನ್ನೂ ಓರೆಯಾಗಿ, ನಲವತ್ತೈದು ಡಿಗ್ರಿಗೆ ಕೊಯ್ಯಬೇಕು. ಎರಡು ಓರೆ ತುದಿಗಳು ಒಂದಕ್ಕೊಂದು ಒತ್ತಿ ಕೂತಾಗ ಮಧ್ಯೆ ಒಂದು ಕೂದಲಿನಂಥ ಗೆರೆ ಮಾತ್ರ ಕಾಣಬೇಕು. ಅಂಗಡಿಯವರು ಆ ಗೆರೆಯಲ್ಲಿ ಬಿರುಕು ಬಿಟ್ಟರೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬುತ್ತಾರೆ. ದೊಡ್ಡಪ್ಪ ಆ ಮಾತು ಕೇಳಿದರೇ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರ ಬಳಿ ಫೀಲರ್ ಗೇಜ್ ಎಂಬ ಒಂದು ಗೊಂಚಲಿದೆ. ಬೀಗದ ಕೈ ಗೊಂಚಲಿನ ಹಾಗೆಯೇ, ಆದರೆ ಕೀಲಿಗಳ ಬದಲು ಈರುಳ್ಳಿ ಸಿಪ್ಪೆಯಂಥ ಉಕ್ಕಿನ ಎಲೆಗಳು. ಅತಿ ತೆಳುವಾದ ಎಲೆಯನ್ನು ಮೂಲೆಯ ಗೆರೆಗೆ ತಾಗಿಸುತ್ತಾರೆ. ಅದು ಒಳಗೆ ಹೋದರೆ ಪಟ್ಟಿ ರಿಜೆಕ್ಟ್.

ಅದು ಒಳಗೆ ಹೋಗುತ್ತಲೇ ಇತ್ತು.

ರಿಜೆಕ್ಟ್ ಆದದ್ದನ್ನು ಇನ್ನಷ್ಟು ಉಜ್ಜಿ ಸರಿಮಾಡಬಹುದು ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ರಿಜೆಕ್ಟ್ ಆದ ಪಟ್ಟಿಗೆ ಕೆಂಪು ಬಣ್ಣದ ಗೆರೆ ಎಳೆದು, ನಡುವೆ ಗರಗಸ ಹಾಕಿ ಎರಡು ತುಂಡು ಮಾಡಬೇಕು. ಅದೇ ಪದ್ಧತಿ.

"ಇಲ್ಲಾಂದ್ರೆ ಪ್ರೊಡಕ್ಷನ್‌ನೋರು ಯಾರಿಗೂ ಗೊತ್ತಾಗದ ಹಾಗೆ ಒಳ್ಳೇದ್ರ ಜೊತೆ ಸೇರಿಸ್ಬಿಡ್ತಾರೆ," ಎಂದು ದೊಡ್ಡಪ್ಪ ವಿವರಿಸಿದರು.

ನಮ್ಮ ಶೆಡ್ಡಿನಲ್ಲಿ ಪ್ರೊಡಕ್ಷನ್ ಎಂದರೂ ದೊಡ್ಡಪ್ಪನೇ. ತಮ್ಮನ್ನೇ ನಂಬದಷ್ಟು ಪ್ರಾಮಾಣಿಕರು. ಅಜ್ಜಿಯ ಮಂಚದ ಉದ್ದನೆಯ ಪಟ್ಟಿಗಳು ಹೀಗೆ ಒಂದೊಂದಾಗಿ ಕೆಂಪಾಗಿ, ತುಂಡಾಗಿ, ಟೆರೇಸಿನ ಬಾಯ್ಲರಿಗೆ ಹೋದವು. ಕೆಲವು ವಾರ ನಾವು ತೇಗದ ಮರದಲ್ಲಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿದೆವು. ಅರಮನೆಯವರಿಗೂ ಆ ಯೋಗ ಇದ್ದಿರಲಾರದು.

ಸಂಜೆಯ ಹೊತ್ತು ಚಿನ್ನಪ್ಪ ಬರುತ್ತಿದ್ದರು. ಪಕ್ಕದ ಬೀದಿಯವರು, ಅದೇ ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತರಾದವರು. ನೌಕರಿಯುದ್ದಕ್ಕೂ ಅವರು ಮಾಡಿದ್ದನ್ನು ದೊಡ್ಡಪ್ಪ ತಳ್ಳಿಹಾಕಿದ್ದಾರೆ. ಈಗ ಅವರು ಒಂದು ಸ್ಟೂಲು ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಸಿನಿಮಾ ನೋಡಲು ಬಂದವರ ಹಾಗೆ ಕೂರುತ್ತಿದ್ದರು.

"ಏನ್ ಸಾರ್, ಇವತ್ತು ಪಾಸಾ, ಫೇಲಾ?"

"ಹವಾಮಾನ ಸರಿಯಿಲ್ಲ ಚಿನ್ನಪ್ಪ. ಬೆಳಿಗ್ಗೆ ಮಳೆ ಬಂತಲ್ಲ, ಮರ ಊದ್ಕೊಂಡಿದೆ."

"ಅಂಗೇ ಸಾರ್. ನಮ್ ಲೇತಿಗೂ ಒಂದೊಂದ್ ದಿನ ಅಂಗೇ ಆಗ್ತಿತ್ತು. ಆವಾಗ ನೀವು, ಹವಾಮಾನನ ಗೇಟಲ್ಲಿ ಬಿಟ್ಟು ಒಳಗೆ ಬಾ ಅಂತಿದ್ರಿ."

ದೊಡ್ಡಪ್ಪ ಗರಗಸ ತೆಗೆದುಕೊಂಡರು. ಚಿನ್ನಪ್ಪ ನನ್ನ ಕಡೆ ತಿರುಗಿ, "ಏನವ್ವ, ನಿಮ್ ದೊಡ್ಡಪ್ಪಾರು ಫ್ರೇಮ್ ಮಾಡ್ತಾವ್ರೋ, ಸೌದೆ ಒಡೀತಾವ್ರೋ?" ಎಂದು ಕಣ್ಣು ಮಿಟುಕಿಸಿದರು. ನಾನು ಮರದ ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ನನ್ನ ಕೆಲಸವೇ ಅದು. ತುದಿ ಹಿಡಿಯುವವರು ನಕ್ಕರೆ ಗರಗಸ ಓಡುತ್ತದೆ, ಅದಕ್ಕೆ ನಗಲಿಲ್ಲ.

ರಾಯರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆರೋಗ್ಯ ವಿಚಾರಿಸಿ, ಮೊಮ್ಮಗುವಿನ ವಿಷಯ ಹೇಳಿ, ಕೊನೆಗೆ ಏನೋ ಈಗ ನೆನಪಾದವರಂತೆ, "ಅಂದ ಹಾಗೆ ಫ್ರೇಮ್ ಆಯ್ತಾ?" ಎನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ದೊಡ್ಡಪ್ಪ ನೇರ ಶೆಡ್ಡಿಗೆ ಹೋಗುತ್ತಿದ್ದರು. ಕೊನೆಗೆ ರಾಯರು ತಾವೇ ದಿನ ಗೊತ್ತುಮಾಡಿದರು: ಬರುವ ಭಾನುವಾರ ಎಲ್ಲರೂ ಊಟಕ್ಕೆ ಬರುತ್ತೇವೆ, ಫೋಟೋವನ್ನು ಗೋಡೆಯ ಮೇಲೆ ನೋಡಬೇಕು.

ಮಂಚದಲ್ಲಿ ಇನ್ನೊಂದು ಫ್ರೇಮಿಗೆ ಆಗುವಷ್ಟು ಮಾತ್ರ ಮರ ಉಳಿದಿತ್ತು. ಅದನ್ನು ದೊಡ್ಡಪ್ಪ ಉಸಿರು ಬಿಗಿಹಿಡಿದು ಕೊಯ್ದರು. ಓರೆ ತುದಿಗಳನ್ನು ಉಪ್ಪುಕಾಗದದಲ್ಲಿ ಎಷ್ಟು ಮೆಲ್ಲಗೆ ಉಜ್ಜಿದರೆಂದರೆ, ಅಜ್ಜಿಯ ಬೆನ್ನನ್ನು ಅವರು ಯಾವತ್ತೂ ಹಾಗೆ ಉಜ್ಜಿದ್ದಿಲ್ಲ. ಹಿಂಬದಿಯಲ್ಲಿ ಗಾಜು, ಫೋಟೋ ಕೂರಲು ಮೆಟ್ಟಿಲಿನಂತೆ ಒಂದು ಅಂಚು ತೆಗೆದರು. ಅಂಟು ಹಾಕಿ, ನಾಲ್ಕು ಮೂಲೆಗೂ ಹಗ್ಗ ಬಿಗಿದು, ಒಣಗಲು ಬಿಟ್ಟರು. ಶುಕ್ರವಾರ ಹಗ್ಗ ಬಿಚ್ಚಿ ಫೀಲರ್ ಗೇಜಿನ ಎಲೆ ತಾಗಿಸಿದರು. ಎಲೆ ಬಾಗಿತು. ಒಳಗೆ ಹೋಗಲಿಲ್ಲ. ಇನ್ನೊಂದು ಮೂಲೆಗೂ ಹೋಗಲಿಲ್ಲ. ನಾಲ್ಕನೆಯದಕ್ಕೂ ಹೋಗದಿದ್ದಾಗ ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಪಾಸ್," ಎಂದರು. ಆ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಚಿನ್ನಪ್ಪ ಸ್ಟೂಲಿನಿಂದ ಎದ್ದು ನಿಂತರು.

"ನಾನ್ ಮಾಡಿದ್ ಜಾಬು ಒಂದಾದ್ರೂ ಇಂಗೆ ಪಾಸ್ ಮಾಡಿದ್ರಾ ಸಾರ್ ನೀವು?" ಎಂದರು. ಧ್ವನಿಯಲ್ಲಿ ಸ್ವಲ್ಪ ದುಃಖವೇ ಇತ್ತು.

ಶನಿವಾರ ಬೆಳಿಗ್ಗೆ ಅನುರಾಗಣ್ಣ ಫ್ರೇಮನ್ನು ಬೈಕಿನಲ್ಲಿಟ್ಟುಕೊಂಡು, ಹಿಂದೆ ನನ್ನನ್ನು ಕೂರಿಸಿಕೊಂಡು, ಮುಖ್ಯರಸ್ತೆಯ ಗಾಜಿನ ಅಂಗಡಿಗೆ ಹೋದ. ಅಂಗಡಿಯ ಬಾಲಾಜಿ ಫ್ರೇಮಿನ ಹಿಂಬದಿ ಅಳೆದು ಗಾಜು ಕೊಯ್ದು ಕೊಟ್ಟ. ಗಾಜು ಟಪ್ ಎಂದು ಕೂತಿತು. ಇಷ್ಟು ಸರಿಯಾದ ಫ್ರೇಮನ್ನು ತಾನು ಕಂಡೇ ಇಲ್ಲ ಎಂದ. ಅನುರಾಗಣ್ಣ ಅದನ್ನು ದೊಡ್ಡಪ್ಪನಿಗೆ ಹೇಳಿದ. ದೊಡ್ಡಪ್ಪ ಮಧ್ಯಾಹ್ನ ಒಂದು ಚಮಚ ತುಪ್ಪ ಹೆಚ್ಚು ಹಾಕಿಸಿಕೊಂಡರು.

ಊಟವಾದ ಮೇಲೆ ಹಾಲಿನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಫ್ರೇಮನ್ನು ಬೋರಲಾಗಿಟ್ಟು, ಗಾಜು ಒರೆಸಿ, ಎಲ್ಲರೂ ಸುತ್ತ ಕೂತೆವು. ಚಿನ್ನಪ್ಪನನ್ನೂ ಕರೆದಿದ್ದರು, ಸಾಕ್ಷಿಗೆ. ದೊಡ್ಡಪ್ಪ ಕೊಳವೆಯಿಂದ ಫೋಟೋ ತೆಗೆದು ಬಿಡಿಸಿ ಫ್ರೇಮಿನ ಮೇಲಿಟ್ಟರು.

ಫೋಟೋ ಫ್ರೇಮಿನ ಒಳಗಿನ ಜಾಗಕ್ಕಿಂತ ದೊಡ್ಡದಾಗಿತ್ತು. ಒಂದು ಕೂದಲಿನಷ್ಟಲ್ಲ, ಎರಡು ಬೆರಳಿಗಿಂತ ಹೆಚ್ಚು. ಅದು ಫ್ರೇಮಿನ ಹಿಂಬದಿಯನ್ನು ಪೂರ್ತಿ ಮುಚ್ಚಿ, ಹೊರಗಿನ ಅಂಚಿಗೆ ಅಂಚು ಸರಿಯಾಗಿ ಮಲಗಿತು. ಎಷ್ಟು ಸರಿಯಾಗಿ ಎಂದರೆ, ಉಗುರು ಆಡಿಸಿದರೂ ಎಲ್ಲೂ ತಡೆಯುತ್ತಿರಲಿಲ್ಲ.

ಚಿನ್ನಪ್ಪ ಗಂಟಲು ಸರಿಮಾಡಿಕೊಂಡರು.

"ಸಾರ್. ಫೋಟೋ ಅಳತೇನ ಫ್ರೇಮಿನ ಹೊರಗಡೆ ಅಳತೆಗೆ ಹಾಕ್ಬಿಟ್ಟಿದ್ದೀರ. ಫೋಟೋ ಒಳಗಡೆ ಅಲ್ವಾ ಕೂರೋದು."

ದೊಡ್ಡಪ್ಪ ಡ್ರಾಯಿಂಗ್ ತರಿಸಿದರು. ಅಳತೆಪಟ್ಟಿ ಹಿಡಿದು ಫ್ರೇಮನ್ನು ಅಳೆದರು. ಡ್ರಾಯಿಂಗಿನಲ್ಲಿ ಬರೆದದ್ದೂ ಫ್ರೇಮೂ ಒಂದೇ ಇತ್ತು. ಅವರ ಮುಖಕ್ಕೆ ರಕ್ತ ವಾಪಸ್ ಬಂತು.

"ಡ್ರಾಯಿಂಗ್ ಪ್ರಕಾರ ಸರಿಯಾಗಿದೆ," ಎಂದರು.

"ಅಪ್ಪ, ಡ್ರಾಯಿಂಗೇ ತಪ್ಪಲ್ವಾ?" ಎಂದ ಅನುರಾಗಣ್ಣ.

"ಅದು ಡ್ರಾಯಿಂಗ್ ಆಫೀಸಿನೋರ ಜವಾಬ್ದಾರಿ. ನಾವು ಡ್ರಾಯಿಂಗ್‌ಗೆ ಸರಿಯಾಗಿದ್ಯಾ ಅಂತ ನೋಡ್ತೀವಿ."

ಡ್ರಾಯಿಂಗ್ ಆಫೀಸಿನವರು ನಮ್ಮೆದುರಿಗೇ ಬನಿಯನ್ ಹಾಕಿಕೊಂಡು ಕೂತಿದ್ದರು. ಆದರೆ ಅವರನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಫೈಲ್ ನನ್ನ ಫೋನಲ್ಲಿದೆ," ಎಂದ ಅನುರಾಗಣ್ಣ. "ದಾಸರಹಳ್ಳಿ ಮೆಟ್ರೋ ಹತ್ರ ಪ್ರಿಂಟ್ ಹಾಕ್ತಾರೆ. ಸ್ವಲ್ಪ ಸಣ್ಣದು ಹಾಕ್ಸಿ ತಂದ್ಬಿಡ್ತೀನಿ."

"ಬೀಗ್ರು ಕೊಟ್ಟಿದ್ದನ್ನ ಬಿಟ್ಟು ಬೇರೇದಾ?" ದೊಡ್ಡಮ್ಮ ಹೌಹಾರಿದರು. "ಚಿನ್ನದಕ್ಷರದಲ್ಲಿ ಹೆಸರು ಹಾಕ್ಸಿ ಕೊಟ್ಟಿದ್ದಾರೆ. ಬಂದ ತಕ್ಷಣ ಅದನ್ನೇ ಹುಡುಕ್ತಾರೆ. ಇಲ್ದಿದ್ರೆ ನಾಳೆ ನನ್ನ ಮಗಳು ಆ ಮನೇಲಿ ಬಾಳ್ಬೇಕಾ ಬೇಡ್ವಾ?"

ಇನ್ನೊಂದು ಫ್ರೇಮ್ ಮಾಡಲು ಮರವಿಲ್ಲ. ಇದ್ದ ಪಟ್ಟಿಗಳೆಲ್ಲ ಕೆಂಪು ಗೆರೆ ಹಾಕಿಸಿಕೊಂಡು ತುಂಡಾಗಿವೆ. ಆಗ ಎಲ್ಲರ ಕಣ್ಣೂ ಫೋಟೋದ ಕಡೆ ತಿರುಗಿತು. ನಾನು ಕೂತಲ್ಲೇ ಸ್ವಲ್ಪ ಹಿಂದೆ ಸರಿದೆ, ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದರೂ.

"ಕತ್ತರಿಸೋದು ಬೇಡ, ಅಪಶಕುನ," ಎಂದರು ದೊಡ್ಡಮ್ಮ. "ಮಡಚೋಣ."

ಮೇಲುಗಡೆ ಮಂಟಪದ ಥರ್ಮೋಕೋಲ್ ಹೂವುಗಳಿದ್ದವು, ಅವು ಜಗಳಕ್ಕೆ ಬರುವುದಿಲ್ಲ. ಎತ್ತರದ ತೊಂದರೆ ಅಲ್ಲಿಗೆ ಮುಗಿಯಿತು. ಉಳಿದದ್ದು ಅಗಲ. ಎಡಗಡೆಯ ಅಂಚಿನಲ್ಲಿ ಪದ್ಮನಾಭ ರಾಯರು, ಅವರ ಹೆಂಡತಿ, ಕೆಳಗೆ ಚಿನ್ನದಕ್ಷರ. ನಡುವೆ ಹಾರ ಹಾಕಿಕೊಂಡ ದೊಡ್ಡಪ್ಪ, ದೊಡ್ಡಮ್ಮ. ಬಲಗಡೆಯ ಅಂಚಿನಲ್ಲಿ ಎರಡು ಬೆರಳಿಗಿಂತ ಸ್ವಲ್ಪ ಹೆಚ್ಚು ಅಗಲ, ನಾನು.

"ಎರಡೂ ಕಡೆ ಸ್ವಲ್ಪ ಸ್ವಲ್ಪ ಮಡಚಿದ್ರೆ?" ಎಂದರು ಚಿನ್ನಪ್ಪ.

"ಬೀಗ್ರನ್ನ ಅರ್ಧ ಮಾಡ್ಲಾ ಚಿನ್ನಪ್ಪ?" ಎಂದರು ದೊಡ್ಡಮ್ಮ.

ಚಿನ್ನಪ್ಪ ನನ್ನ ಕಡೆ ಒಮ್ಮೆ ನೋಡಿದರು. ದೊಡ್ಡಪ್ಪ ಪೆನ್ಸಿಲ್ ತೆಗೆದುಕೊಂಡರು. ಫೋಟೋವನ್ನು ತಿರುಗಿಸಿ ಹಿಂದುಗಡೆಯಿಂದ, ಮೂಲೆಮಟ್ಟ ಇಟ್ಟು, ಅತ್ತಿತ್ತ ವಾಲದ ಒಂದು ಗೆರೆ ಎಳೆದರು. ಮುಂದಿನಿಂದ ಬೆಳಕಿಗೆ ಹಿಡಿದು ನೋಡಿದರೆ ಗೆರೆ ನನ್ನ ಮಣಿಕಟ್ಟಿನ ಮೇಲೆ ಹಾದುಹೋಗಿತ್ತು. ಆರತಿ ತಟ್ಟೆ, ಅದನ್ನು ಹಿಡಿದ ಬೆರಳುಗಳು ಒಳಗೆ. ಮಿಕ್ಕವಳು ಹೊರಗೆ.

"ಕೈ ಉಳಿಯುತ್ತಲ್ಲ," ಎಂದ ಅನುರಾಗಣ್ಣ.

"ಇನ್ನೂ ಒಳಗೆ ಮಡಚೋಕಾಗಲ್ಲ, ಮಡಚಿದ್ರೆ ಗಾಜಿಗೆ ಸಣ್ಣದಾಗುತ್ತೆ," ಎಂದರು ದೊಡ್ಡಪ್ಪ. ಅಳತೆಯ ವಿಷಯದಲ್ಲಿ ಅವರು ರಾಜಿಯಾಗುವುದಿಲ್ಲ.

"ಇರ್ಲಿ ಬಿಡಿ," ಎಂದರು ದೊಡ್ಡಮ್ಮ. "ಆರತಿ ತಟ್ಟೆ ಇದ್ರೆ ಮಂಗಳಕರ." ಆಮೇಲೆ ಏನೋ ನೆನಪಾಗಿ ನನ್ನ ಕಡೆ ತಿರುಗಿದರು. "ಬೇಜಾರಾ ಏನೇ ನಿಂಗೆ?"

ನಾನು ಏನಾದರೂ ಹೇಳುವ ಮುಂಚೆ ಅನುರಾಗಣ್ಣ ನನ್ನ ಬೆನ್ನು ತಟ್ಟಿದ. "ನೀನೆಲ್ಲೂ ಹೋಗಲ್ಲ ಕಣೇ ವಾರಿ. ಫ್ರೇಮ್ ಒಳಗೇ ಇರ್ತೀಯ. ಕಾಣಲ್ಲ, ಅಷ್ಟೆ."

ಅವನು ಒಳ್ಳೆಯವನು, ಸಮಾಧಾನಕ್ಕೆಂದೇ ಹೇಳಿದ. ಇಷ್ಟು ವರ್ಷ ಈ ಮನೆಯಲ್ಲಿ ನಾನು ಎಲ್ಲಿದ್ದೇನೆ ಎಂಬುದನ್ನು ಇಷ್ಟು ಚೊಕ್ಕವಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಮಡಚುವ ಕೆಲಸ ನನ್ನ ಪಾಲಿಗೆ ಬಂತು. ಧೋತ್ರ, ಸೀರೆಗಳನ್ನು ನೆರಿಗೆ ತಪ್ಪದೆ ಮಡಚುವವಳು ನಾನೇ ಎಂದು ಎಲ್ಲರಿಗೂ ಗೊತ್ತು. ಗೆರೆಯ ಮೇಲೆ ಅಳತೆಪಟ್ಟಿ ಇಟ್ಟು, ಬಗ್ಗಿಸಿ, ಉಗುರಿನಿಂದ ತೀಡಿದೆ. ನುಣುಪಾದ ಕಾಗದ ಸಣ್ಣಗೆ ಚಟಗುಟ್ಟಿತು. ನನ್ನ ಮುಖ ಹಿಂದಕ್ಕೆ ಹೋಗಿ, ಪಕ್ಕದಲ್ಲಿ ನಿಂತಿದ್ದ ಅನುರಾಗಣ್ಣನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿತು. ದೊಡ್ಡಪ್ಪ ರಟ್ಟು ಮುಚ್ಚಿ ಸಣ್ಣ ಮೊಳೆಗಳನ್ನು ಹೊಡೆದರು.

ಭಾನುವಾರ ರಾಯರ ಮನೆಯವರೆಲ್ಲ ಬಂದರು. ರಾಯರು ಚಪ್ಪಲಿ ಬಿಟ್ಟು, ನೀರು ಕೂಡ ಕುಡಿಯದೆ, ಕೈ ಹಿಂದೆ ಕಟ್ಟಿ ನೇರವಾಗಿ ಫೋಟೋದ ಮುಂದೆ ನಿಂತರು. ದೊಡ್ಡಪ್ಪ ಫೀಲರ್ ಗೇಜನ್ನು ಚಾಚಿದರು. ರಾಯರು ಅತಿ ತೆಳುವಾದ ಎಲೆ ಆರಿಸಿ ಒಂದು ಮೂಲೆಗೆ ತಾಗಿಸಿದರು. ನಂತರ ಇನ್ನೊಂದಕ್ಕೆ. ಮೇಲಿನ ಮೂಲೆಗಳಿಗೆ ಕುರ್ಚಿ ತರಿಸಿಕೊಂಡು ಹತ್ತಿದರು. ಎಲೆ ಎಲ್ಲೂ ಒಳಗೆ ಹೋಗಲಿಲ್ಲ. ಕುರ್ಚಿಯಿಂದ ಇಳಿಯುವಾಗ ಅವರಿಗೆ ಸ್ವಲ್ಪ ವಯಸ್ಸಾದಂತೆ ಕಂಡಿತು.

"ಕಾರ್ನರ್ ಚೆನ್ನಾಗಿ ಕೂತಿದೆ," ಎಂದು ಒಪ್ಪಿಕೊಂಡರು. ಬಗ್ಗಿ ಚಿನ್ನದಕ್ಷರ ಓದಿದರು, ತಮ್ಮ ಹೆಸರಿನಲ್ಲಿ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡರು. ದೊಡ್ಡಮ್ಮ ಉಸಿರು ಬಿಟ್ಟು, "ಬನ್ನಿ, ಊಟಕ್ಕೆ ಎಲೆ ಹಾಕಿದೆ" ಎಂದರು. ನಾನು ಹಪ್ಪಳದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದೆ.

ರಾಯರು ಕದಲಲಿಲ್ಲ. ಅವರ ಕಣ್ಣು ಎಡಗಡೆಯಿಂದ ನಡುವಿಗೆ, ನಡುವಿನಿಂದ ಬಲಗಡೆಗೆ ಹೋಗಿ ಅಲ್ಲೇ ನಿಂತಿತು.

"ಇದೇನು ಬೀಗರೇ, ಇಲ್ಲೊಂದು ತಟ್ಟೆ ಇದೆಯಲ್ಲ?"

"ಆರತಿ ತಟ್ಟೆ," ಎಂದರು ದೊಡ್ಡಮ್ಮ. "ಮಂಗಳಕರ ಅಂತ."

"ತಟ್ಟೆ ಗೊತ್ತಾಯ್ತಮ್ಮ. ಹಿಡ್ಕೊಂಡಿರೋದು ಯಾರು? ಬರೀ ಬೆರಳಿವೆ."

ಅನುರಾಗಣ್ಣ ಫೋನ್ ತೆಗೆದು ಬಹಳ ಗಮನವಿಟ್ಟು ಓದತೊಡಗಿದ. ದೊಡ್ಡಪ್ಪ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ಒಳಗೆ ಸೇರಿಸಿದರು.

"ಅದು ಯಾರೋ ಛತ್ರದೋಳು," ಎಂದರು ದೊಡ್ಡಮ್ಮ. "ಅಡ್ಡ ಬಂದ್ಬಿಟ್ಟಿದ್ಲು."

ನನ್ನನ್ನು ಮಡಚಿದಾಗ ನಾನು ಸುಮ್ಮನಿದ್ದೆ. ಕಾಣಲ್ಲ ಅಷ್ಟೆ ಎಂದಾಗಲೂ ಸುಮ್ಮನಿದ್ದೆ. ಆದರೆ ಗಾಜಿನ ಒಳಗೆ ಉಳಿದಿದ್ದದ್ದು ಆ ಬೆರಳುಗಳು ಮಾತ್ರ. ಅವನ್ನೂ ಛತ್ರದವಳಿಗೆ ಕೊಟ್ಟುಬಿಟ್ಟರೆ ನನ್ನ ಬಳಿ ಏನೂ ಇರುವುದಿಲ್ಲ.

"ನನ್ನದು," ಎಂದೆ.

ಎಲ್ಲರೂ ತಿರುಗಿ ಹಪ್ಪಳದ ಕಡೆ ನೋಡಿದರು, ಮಾತು ಅದರಿಂದ ಬಂತೇನೋ ಎಂಬಂತೆ.

"ಏನಮ್ಮಾ ನಿನ್ನದು?" ಎಂದರು ರಾಯರು.

"ಆ ಕೈ."

"ಹಾಗಾದ್ರೆ ಮಿಕ್ಕಿದ ನೀನೆಲ್ಲಿ?"

"ಹಿಂದೆ ಇದ್ದೀನಿ. ಮಡಚಿದ್ದಾರೆ."

ಸಾರು ಕುದಿಯುವ ಸದ್ದು ಅಡುಗೆಮನೆಯಿಂದ ಹಾಲಿನವರೆಗೂ ಕೇಳಿಸಿತು. ರಾಯರು ಮೆಲ್ಲಗೆ ದೊಡ್ಡಪ್ಪನ ಕಡೆ ತಿರುಗಿದರು.

"ನನ್ನ ಫೋಟೋನ ಮಡಚಿದ್ರಾ?"

ನನ್ನನ್ನು ಮಡಚಿದ್ದಕ್ಕೆ ಅವರಿಗೆ ಬೇಜಾರಾಗಲಿಲ್ಲ. ಅವರ ಫೋಟೋವನ್ನು ಮಡಚಿದ್ದಕ್ಕೆ ಆಯಿತು. ಎರಡೂ ಒಂದೇ ಕಡೆ ಇದ್ದುದರಿಂದ ನಾನು ತಕರಾರು ಮಾಡಲಿಲ್ಲ.

ಫ್ರೇಮ್ ಗೋಡೆಯಿಂದ ಇಳಿಯಿತು. ಮೊಳೆಗಳನ್ನು ದೊಡ್ಡಪ್ಪನೇ ಕಿತ್ತರು. ರಾಯರು ಫೋಟೋ ಹೊರಗೆ ತೆಗೆದು, ಮಡಿಕೆ ಬಿಡಿಸಿ, ಖಾಲಿ ಫ್ರೇಮಿನ ಮೇಲೆ ಇಟ್ಟು ನೋಡಿದರು. ಅಂಚಿಗೆ ಅಂಚು ಕೂತಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಕುರ್ಚಿಯಿಂದ ಇಳಿಯುವಾಗ ಬಂದಿದ್ದ ವಯಸ್ಸೆಲ್ಲ ಮುಖದಿಂದ ಹೋಯಿತು, ಇನ್ನೂ ಹತ್ತು ವರ್ಷ ಕಮ್ಮಿಯೂ ಆಯಿತು.

"ಅಳತೆ ತಪ್ಪಾಯ್ತಾ ಬೀಗರೇ?"

"ಅಳತೆ ಸರಿಯಿದೆ," ಎಂದರು ದೊಡ್ಡಪ್ಪ. "ಫೋಟೋ ದೊಡ್ಡದು."

"ಓಹೋ. ಹಾಗಾದ್ರೆ ಕೆಂಪು ಬಣ್ಣ ಯಾವುದಕ್ಕೆ ಹಚ್ಚೋಣ? ನಿಮ್ಮ ಫ್ರೇಮಿಗೋ, ನನ್ನ ಫೋಟೋಗೋ?"

"ಮಾವ, ಸಾರು ಆರುತ್ತೆ," ಎಂದಳು ಶ್ರೀರಂಜನಿ ಅಕ್ಕ. ರಾಯರು ಅಂದು ಪಾಯಸ ಮೂರು ಸಲ ಹಾಕಿಸಿಕೊಂಡರು. ಫೋಟೋವನ್ನು ಬಿಚ್ಚಿದ ಹಾಗೇ, ಪೂರ್ತಿಯಾಗಿ, ಗೋಡೆಗೆ ಪಿನ್ನು ಹೊಡೆದು ಹಾಕಿ ಎಂದು ಊಟದ ಮಧ್ಯೆಯೇ ತೀರ್ಮಾನ ಕೊಟ್ಟರು. ಹೆಣ್ಣು ಕೊಟ್ಟವರು ಇದಕ್ಕೆ ಏನು ಹೇಳಲು ಸಾಧ್ಯ.

ಅಡುಗೆಮನೆಯಲ್ಲಿ ದೊಡ್ಡಮ್ಮ ಪಾಯಸದ ಪಾತ್ರೆಯನ್ನು ದಡ್ಡೆಂದು ಕುಕ್ಕಿದರು. "ನಿಂಗೆ ಬಾಯಿ ಯಾವಾಗ ಬಂತೇ?"

"ಇನ್ನೊಂದ್ಸಲ ಹಪ್ಪಳ ಕರೀಲಾ ದೊಡ್ಡಮ್ಮ?" ಎಂದೆ.

ಫ್ರೇಮನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಬಿಚ್ಚಿ ಬೇರೆ ಅಳತೆಗೆ ಕೊಯ್ಯಲು ದೊಡ್ಡಪ್ಪ ಒಪ್ಪಲಿಲ್ಲ. ಪಾಸಾದದ್ದನ್ನು ಮುಟ್ಟುವ ಹಾಗಿಲ್ಲವಂತೆ. ಹಾಗಾಗಿ ಅದು ಈಗ ಹಾಲಿನಲ್ಲಿ, ತನ್ನದೇ ಮೊಳೆಗೆ, ಗಾಜಿನ ಸಮೇತ ಖಾಲಿಯಾಗಿ ತೂಗುತ್ತಿದೆ. ಗಾಜಿನ ಹಿಂದೆ ಗೋಡೆಯ ಸುಣ್ಣ ಕಾಣುತ್ತದೆ. ಮನೆಗೆ ಬಂದವರನ್ನು ದೊಡ್ಡಪ್ಪ ಅದರ ಮುಂದೆ ನಿಲ್ಲಿಸಿ ಗೇಜಿನ ಎಲೆ ಕೊಟ್ಟು, "ಹಾಕಿ ನೋಡಿ, ಹೋಗಲ್ಲ" ಎನ್ನುತ್ತಾರೆ. ಬಂದವರು ಹಾಕಿ ನೋಡಿ, ಹೋಗಲ್ಲ ಎಂದು ತಲೆದೂಗಿ, "ಒಳಗೆ ಏನು ಹಾಕ್ತೀರ?" ಎಂದು ಕೇಳುತ್ತಾರೆ. ಆಗ ಅವರಿಗೆ ಕಾಫಿ ಬರುತ್ತದೆ. ಚಿನ್ನಪ್ಪ ಮಾತ್ರ ಪ್ರತಿ ಸಂಜೆ ಬಂದು, ಆ ಖಾಲಿ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಾರೆ.

ಪಕ್ಕದಲ್ಲೇ ಫೋಟೋ ಇದೆ, ಫ್ರೇಮಿಲ್ಲದೆ. ಸುರುಳಿ ಸುತ್ತಿದ್ದ ಕಾಗದವಾದ್ದರಿಂದ ಅಂಚುಗಳು ಒಳಕ್ಕೆ ಸುತ್ತಿಕೊಳ್ಳಲು ನೋಡುತ್ತವೆ, ಬಲಗಡೆಯ ಅಂಚು ಎಲ್ಲಕ್ಕಿಂತ ಹೆಚ್ಚು. ಮಣಿಕಟ್ಟಿನ ಮೇಲೆ ಬಿಳಿಯ ಗೆರೆ ಬಿದ್ದಿದೆ, ಅದು ಹೋಗುವುದಿಲ್ಲ. ಮೊನ್ನೆ ಯಾರೋ ಬಂದವರು ಬೆರಳು ಮಾಡಿ, "ಇವಳು ಯಾರು?" ಎಂದರು. ದೊಡ್ಡಮ್ಮ ಸ್ವಲ್ಪ ತಡೆದು, "ನಮ್ಮ ವಾರಿಜಾ, ಮೈದುನನ ಮಗಳು" ಎಂದರು.

ನಿನ್ನೆ ಒರೆಸುವಾಗ ನೋಡಿದೆ, ನನ್ನ ಕಡೆಯ ಪಿನ್ನು ಸಡಿಲವಾಗಿ ಅಂಚು ಮತ್ತೆ ಮಡಚಿಕೊಳ್ಳುತ್ತಿತ್ತು. ಶೆಡ್ಡಿಗೆ ಹೋಗಿ, ಗೋಡೆಯ ಮೇಲಿನ ಪೆನ್ಸಿಲ್ ಭೂತವನ್ನು ಖಾಲಿ ಬಿಟ್ಟು, ಸುತ್ತಿಗೆ ತಂದೆ. ಡಬ್ಬಿಯಿಂದ ಒಂದು ದಪ್ಪ ಮೊಳೆಯನ್ನೂ ತಂದೆ. ಮೊದಲ ಏಟಿಗೇ ದೊಡ್ಡಪ್ಪ ಪೇಪರಿನಿಂದ ತಲೆಯೆತ್ತಿದರು.

"ಅಷ್ಟು ದೊಡ್ಡ ಮೊಳೆ ಯಾಕೆ? ಅದರ ಅಳತೆ ಸರಿಯಿಲ್ಲ. ಗೋಡೆ ಕಿತ್ಕೊಳ್ಳುತ್ತೆ."

ಮೊಳೆ ಅರ್ಧ ಒಳಗೆ ಹೋಗಿತ್ತು. ನಾನು ಇನ್ನೊಂದು ಏಟು ಹೊಡೆದೆ.